ಕಟ್ಟಕಡೆಯ ಸ್ಥಾನದಲ್ಲಿರುವ ನಮ್ಮ ಟೀಮು
(ವಾಷಿಂಗ್ಟನ್ ಪರಿಸರದ ಕುಟುಂಬ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಇಂಥ ಕೂಟಗಳಲ್ಲಿ ನಮ್ಮ ಪಾಲಿಗೆ ಬರುವುದು ಜಮಾ-ಖರ್ಚು ಓದುವ ಕೆಲಸ. ಈ ಸಲ, "ಲೆಕ್ಕ ಬೇಡ ಮಾರಾಯ್ರೇ, ನಿಮ್ಮ ಆ ಸೋಲುವ ಟೀಮಿನ ಬಗ್ಗೆ ಮಾತಾಡಿ" ಎಂದರು. ಹಾಗೆ ಹೇಳಿದವರು ಅಟ್ಲಾಂಟಾದಿಂದ ಬಂದವರು ಎಂಬುದನ್ನು ಮೊದಲೇ ತಿಳಿಸುತ್ತೇವೆ.

ಇಲ್ಲಿಯವರು ಫುಟ್‌ಬಾಲ್ ಅನ್ನುವುದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟಕ್ಕೆ. ನಾವು ಹೇಳುವುದು ನೆಹರೂ ಮೈದಾನದ ಫುಟ್‌ಬಾಲ್. ಇಲ್ಲಿ ಅದಕ್ಕೆ ಸಾಕರ್ ಎಂದು ಹೆಸರು. ನಮ್ಮ ಟೀಮು ಡಿ.ಸಿ. ಯುನೈಟೆಡ್. ಕಳೆದ 2025ರ ಸೀಸನಿನಲ್ಲಿ ಲೀಗಿನ 30 ಟೀಮುಗಳಲ್ಲಿ 30ನೆಯದು. 2022ರಲ್ಲೂ ಕಟ್ಟಕಡೆ. ಪ್ಲೇಆಫ್ ಕಂಡದ್ದು 2019ರಲ್ಲಿ, ಆಮೇಲೆ ಇಲ್ಲ.

ಅಟ್ಲಾಂಟಾದವರಿಗೆ ನಗುವ ಹಕ್ಕು ಉಂಟು. 2017ರಲ್ಲಿ ಹುಟ್ಟಿದ ಅವರ ಟೀಮು ಮರುವರ್ಷವೇ ಕಪ್ ಎತ್ತಿತು, ಆ ಫೈನಲಿಗೆ 73,019 ಜನ. ಷಾರ್ಲೆಟ್ಟಿನವರ ಟೀಮು 2022ರಲ್ಲಿ ಊರಿನ ಮೊದಲ ಪಂದ್ಯಕ್ಕೇ 74,479 ಜನರನ್ನು ಸೇರಿಸಿತು. ಪಂದ್ಯ ಸೋತಿತು, ಅದು ಬೇರೆ ಮಾತು. 2026ರ ವಿಶ್ವಕಪ್ಪಿನ ಹಂಚಿಕೆಯಲ್ಲಿ ಅಟ್ಲಾಂಟಾಕ್ಕೆ ಎಂಟು ಪಂದ್ಯ, ಅದರಲ್ಲೊಂದು ಸೆಮಿಫೈನಲ್. ದೇಶದ ರಾಜಧಾನಿಗೆ ಸೊನ್ನೆ.

ಆದರೆ ನಮ್ಮದು ಹಳೇ ಮನೆತನ. ಲೀಗ್ ಶುರುವಾದ 1996ರಲ್ಲಿ ಮೊತ್ತಮೊದಲ ಪಂದ್ಯ ಆಡಿ ಸೋತದ್ದು ನಮ್ಮ ಟೀಮು. ಅದೇ ವರ್ಷದ ಫೈನಲಿನಲ್ಲಿ, ಸುರಿವ ಮಳೆಯಲ್ಲಿ, 0-2 ಹಿಂದಿದ್ದು 3-2ರಿಂದ ಗೆದ್ದದ್ದೂ ಇದೇ ಟೀಮು. ಮತ್ತೆ 1997, 1999, 2004ರಲ್ಲೂ ಕಪ್.

ನಾವು ಕೆಲವರು ಇಲ್ಲಿಗೆ ಬಂದದ್ದು 2006ರಲ್ಲಿ. ಕೈಯಲ್ಲಿ ಬಿ.ಕಾಂ. ಸರ್ಟಿಫಿಕೇಟು, ರೂಮಿನಲ್ಲಿ ನಾಲ್ಕು ಮಂದಿ, ಕಾರಿಲ್ಲ. ಮೆಟ್ರೋ ಹತ್ತಿ ಸ್ಟೇಡಿಯಂ-ಆರ್ಮರಿ ಸ್ಟೇಷನ್ನಿನಲ್ಲಿ ಇಳಿದರೆ ಆರ್‌ಎಫ್‌ಕೆ ಸ್ಟೇಡಿಯಂ. ಹಳೇ ಕಟ್ಟಡ, ತುಕ್ಕು. ಜನ ಒಟ್ಟಿಗೆ ಜಿಗಿದರೆ ಕೆಳಗಿನ ಗ್ಯಾಲರಿಯೇ ಮೇಲೆ ಕೆಳಗೆ ಕುಣಿಯುತ್ತಿತ್ತು. ಮೊದಲ ದಿನ ಬಿದ್ದೇ ಹೋಯಿತು ಅಂತ ನಾವು ಕಂಬ ಹಿಡಿದದ್ದು! ಪಕ್ಕದಲ್ಲಿ ಬೊಲಿವಿಯಾದವರು, ಎಲ್ ಸಾಲ್ವಡಾರಿನವರು. ಬೆಳಿಗ್ಗೆ ಕಟ್ಟಡ ಕೆಲಸ, ಹೋಟೆಲ್ ಕೆಲಸ ಮುಗಿಸಿ ಡೋಲು ಹೊತ್ತು ಬಂದವರು. ಮೊದಲ ವರ್ಷಗಳ ದೊಡ್ಡ ಆಟಗಾರರಾದ ಎಚೆವೆರಿ, ಮೊರೆನೊ ಬೊಲಿವಿಯಾದವರು, ದಿಯಾಸ್ ಆರ್ಸೆ ಸಾಲ್ವಡಾರಿನವರು. ಹಾಗಾಗಿ ಆ ಗ್ಯಾಲರಿಯ ಜನಕ್ಕೆ ಅದು ತಮ್ಮೂರಿನ ಟೀಮೇ. ನಮಗೆ ಅವರ ಭಾಷೆ ಗೊತ್ತಿರಲಿಲ್ಲ, ಅವರಿಗೆ ನಮ್ಮದು. ಗೋಲಾದರೆ ಅಪ್ಪಿಕೊಳ್ಳಲು ಭಾಷೆ ಬೇಕಾಗಲಿಲ್ಲ. ಮನೆಯಿಂದ ದೂರ ಇದ್ದ ಆ ಮೊದಲ ವರ್ಷ, ವಾರದಲ್ಲಿ ಯಾರಾದರೂ ನಮ್ಮ ಹೆಗಲ ಮೇಲೆ ಕೈ ಹಾಕಿದ್ದು ಅಲ್ಲಿ ಮಾತ್ರ.

ಈಗ 2018ರಿಂದ ಹೊಸ ಮೈದಾನ, ಆಡಿ ಫೀಲ್ಡ್. 20,000 ಸೀಟು, ಚೆಂದ ಉಂಟು. ಕಳೆದ ವರ್ಷ ಅಲ್ಲಿಂದ ಬರುವಾಗ ಮಗ ಕೇಳಿದ: "ಉಪ್ಪಾ, ಸೋಲುವ ಟೀಮಿಗೆ ಯಾಕೆ ದುಡ್ಡು ಹಾಕುವುದು?" ಅವನ ಮೈಮೇಲೆ ಮಯಾಮಿಯ ಗುಲಾಬಿ ಅಂಗಿ, ಬೆನ್ನಲ್ಲಿ ಮೆಸ್ಸಿ. ಬೈಯಲು ಮನಸ್ಸಾಗಲಿಲ್ಲ. ಅವನ ಪ್ರಶ್ನೆ ಅಕೌಂಟೆಂಟ್ ಕೇಳಬೇಕಾದ ಪ್ರಶ್ನೆಯೇ.

ಹಾಗಾದರೆ ಲೆಕ್ಕವೇ ಹೇಳುವ. ಇಂಗ್ಲೆಂಡಿನಲ್ಲಿ ಕೊನೆಗೆ ಬಿದ್ದ ಟೀಮು ಕೆಳಗಿನ ಡಿವಿಷನ್ನಿಗೆ ಇಳಿಯುತ್ತದೆ, ಟಿವಿಯ ಹಣ ಹೋಗುತ್ತದೆ, ಮಾಲೀಕನ ನಿದ್ದೆ ಹೋಗುತ್ತದೆ. ಇಲ್ಲಿ ಆ ಪದ್ಧತಿ ಇಲ್ಲ. 30ನೆಯವರೂ ಮುಂದಿನ ವರ್ಷ ಅದೇ ಲೀಗಿನಲ್ಲಿ. ಸೋಲಿಗೆ ಖರ್ಚಿನ ಕಾಲಂ ಇಲ್ಲ ಅಂತ ನಾವು ಹೇಳುವುದು. ಆ ಖರ್ಚು ಬೀಳುವುದು ಗ್ಯಾಲರಿಯಲ್ಲಿ ಕೂತವನ ಪುಸ್ತಕದಲ್ಲಿ.

ದೊಡ್ಡ ಹೆಸರು ತಂದರೆ ಸರಿಯಾಗುತ್ತದೆ ಅನ್ನುವವರಿದ್ದಾರೆ. 2018ರಲ್ಲಿ ರೂನಿ ಬಂದಾಗ ಸರಿಯಾಯಿತು ಕೂಡಾ. ಬುಡದಲ್ಲಿದ್ದ ಟೀಮು ಪ್ಲೇಆಫಿಗೆ ಹೋಯಿತು. ಒರ್ಲಾಂಡೋ ವಿರುದ್ಧ ಕೊನೇ ಗಳಿಗೆ, ನಮ್ಮ ಗೋಲಿ ಕಾರ್ನರಿಗೆಂದು ಆಚೆ ತುದಿಗೆ ಹೋಗಿದ್ದಾನೆ, ನಮ್ಮ ಗೋಲು ಖಾಲಿ. 32 ವರ್ಷದ ರೂನಿ ಹಿಂದಕ್ಕೆ ಓಡಿ ಬಂದು ಚೆಂಡು ಕಸಿದು ಆಚೆಗೆ ಹೊಡೆದ, ಅಕೋಸ್ಟಾ ತಲೆಯಿಂದ ಗೋಲು, 3-2. ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ 2024 ನೋಡಿ. ನಮ್ಮ ಬೆಂಟೆಕೆ 23 ಗೋಲು ಹೊಡೆದು ಇಡೀ ಲೀಗಿನಲ್ಲೇ ಮೊದಲಿಗ. ಟೀಮು ಪ್ಲೇಆಫಿಗೂ ಇಲ್ಲ.

ನಮ್ಮ ಆಸೆ ಆಂಡಿ ನಹಾರ್‌ನಂಥವನು. ಹೊಂಡುರಾಸಿನಲ್ಲಿ ಹುಟ್ಟಿದ, ಹುಡುಗನಾಗಿದ್ದಾಗ ಮನೆಯವರೊಂದಿಗೆ ಇದೇ ವರ್ಜೀನಿಯಾಕ್ಕೆ ಬಂದವನು. ಶಾಲೆಗೆ ಹೋಗುತ್ತಲೇ ಟೀಮಿನ ಅಕಾಡೆಮಿಯಲ್ಲಿ ಆಡಿದ. 2010ರಲ್ಲಿ ಲೀಗಿನ ವರ್ಷದ ಹೊಸ ಆಟಗಾರ, 2013ರಲ್ಲಿ ಬೆಲ್ಜಿಯಂನ ಆಂಡರ್‌ಲೆಕ್ಟಿಗೆ ಹೋದ. ಗೋಲ್‌ಕೀಪರ್ ಬಿಲ್ ಹಮೀದ್ ಕೂಡಾ ವರ್ಜೀನಿಯಾದ ಹುಡುಗನೇ, ತಂದೆ ಸುಡಾನಿನವರು. ಕೆವಿನ್ ಪರೆಡೆಸ್ ಇದೇ ಪರಿಸರದವನು, 2022ರಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗಿಗೆ ಹೋದ. ಬಂದವರ ಮಕ್ಕಳು ತುಂಬಿದ ಊರಿದು. ಇನ್ನೂ ಎಷ್ಟು ಮಕ್ಕಳು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಚೆಂಡು ಒದೆಯುತ್ತಿದ್ದಾರೋ. ಅವರನ್ನು ಹುಡುಕುವ ಜನ ಬೇಕು. ಟೀಮು ತಯಾರಿ ಮಾಡುವುದು ದೂರದ ಲೀಸ್‌ಬರ್ಗಿನಲ್ಲಿ. ಎರಡು ಶಿಫ್ಟ್ ದುಡಿಯುವ ತಂದೆ ಮಗನನ್ನು ಅಲ್ಲಿಗೆ ಹೇಗೆ ಮುಟ್ಟಿಸಬೇಕು? ಒಂದು ವ್ಯಾನ್ ಬಿಟ್ಟರೂ ಸಾಕು ಅನ್ನಿಸುತ್ತದೆ. ಗೋಲಿನ ಹಿಂದಿನ ಸೀಟಿನ ಬೆಲೆಯೂ ಡೋಲು ಹೊತ್ತು ಬರುವವನ ಕಿಸೆ ನೋಡಿ ಇರಲಿ ಎಂದು ನಮ್ಮ ಆಸೆ.

ಆಗುವ ಮಾತಾ ಅಂತ ಕೇಳಬೇಡಿ. 2013ರಲ್ಲಿ ಇದೇ ಟೀಮು ಲೀಗಿನ 34 ಪಂದ್ಯಗಳಲ್ಲಿ ಗೆದ್ದದ್ದು ಬರೀ ಮೂರು. ಅದೇ ವರ್ಷ ಯು.ಎಸ್. ಓಪನ್ ಕಪ್ ಗೆದ್ದಿತು. ಮರುವರ್ಷ ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನ. ಮಗನಿಗೆ ಇದನ್ನು ಹೇಳಿದೆವು. ಫೋನಿನಲ್ಲಿ ಹುಡುಕಿ ನೋಡಿದ, ನಿಜ ಅಂತ ಒಪ್ಪಿದ, ಅಂಗಿ ಮಾತ್ರ ಬದಲಿಸಲಿಲ್ಲ.

ಮುಂದಿನ ಶನಿವಾರ ನಮ್ಮ ಮೈದಾನದಲ್ಲೇ ಪಂದ್ಯ ಉಂಟು. ಬರುವವರು ಊಟ ಆದ ಮೇಲೆ ಹೆಸರು ಕೊಡಿ, ಒಟ್ಟಿಗೆ ಟಿಕೆಟ್ ಮಾಡುವ. ಗ್ರೀನ್ ಲೈನಿನಲ್ಲಿ ನೇವಿ ಯಾರ್ಡ್ ಸ್ಟೇಷನ್ನಿಗೆ ಬನ್ನಿ, ಅಲ್ಲಿಂದ ನಡೆದೇ ಹೋಗಬಹುದು. ಅಟ್ಲಾಂಟಾದವರೂ ಬರಬಹುದು, ಹಿಂದಿನ ಸಾಲಿನಲ್ಲಿ ಕೂರಬೇಕು, ಅಷ್ಟೇ.