ಮೇಲಿರುವುದು ಬೆಲೂನೇ?

(ಹೈದರಾಬಾದಿನ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಿಜ್ಞಾನಿಗಳಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಆಡಲು ಕಾರಣವುಂಟು.

ನಮ್ಮ ಶಾಖೆಯಲ್ಲಿ ಕಲಬುರ್ಗಿಯ ಕಡೆಯ ಕಿರಿಯ ಗೆಳೆಯರೊಬ್ಬರಿದ್ದಾರೆ. ಒಂದು ದಿನ ಊಟದ ವೇಳೆಯಲ್ಲಿ ಅವರು, "ಉಪಗ್ರಹ ಅಂಬೋದು ಎಲ್ಲಾ ಸುಳ್ಳ ಅದರಿ. ಮ್ಯಾಲ ಇರೋದು ಬರೀ ಬೆಲೂನು" ಎಂದರು. ನಾವೆಲ್ಲ ಗಹಗಹಿಸಿ ನಕ್ಕೆವು. ಅವರು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ ಎದ್ದುಹೋದರು.

ರಾತ್ರಿ ನಮಗೆ ನಗೆ ಉಳಿಯಲಿಲ್ಲ. ಅವರ ಮಾತು ತಪ್ಪೆನ್ನಲು ನಮ್ಮಲ್ಲಿದ್ದ ವೋಚರು ಯಾವುದು? ಪುಸ್ತಕ ತೆರೆದೆವು, ಮೊದಲು ಮುಖಭಂಗವಾದುದು ನಮಗೇ! 1960ರ ಆಗಸ್ಟ್ 12ರಂದು ಅಮೆರಿಕದವರು ಕಳುಹಿಸಿದ 'ಎಕೊ-1' ಎಂಬ ಉಪಗ್ರಹ ನಿಜವಾಗಿಯೂ ಬೆಲೂನೇ! ಸುಮಾರು 30 ಮೀಟರು ಅಡ್ಡಳತೆ. ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ಕು. ರೇಡಿಯೋ ಅಲೆಗಳನ್ನು ಕನ್ನಡಿಯಂತೆ ನೆಲಕ್ಕೆ ಹಿಂದಿರುಗಿಸುತ್ತಿತ್ತು.

ಆದರೆ ಅದು ತೇಲುತ್ತಿರಲಿಲ್ಲ. ತೇಲಬೇಕಾದರೆ ಸುತ್ತ ಗಾಳಿ ಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಈ ನಮ್ಮ ಊರಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬೆಲೂನು ಕೇಂದ್ರವಿದೆ. ಅಲ್ಲಿಂದ ಏರುವ ದೊಡ್ಡ ಬೆಲೂನುಗಳೂ 30–40 ಕಿಲೋಮೀಟರಿನಷ್ಟಕ್ಕೆ ನಿಲ್ಲುತ್ತವೆ. ಎಕೊ ಇದ್ದುದು 1,500 ಕಿಲೋಮೀಟರಿಗೂ ಮೇಲೆ. ಮಡಿಸಿಟ್ಟ ಅದನ್ನು ಒಯ್ದುದು ರಾಕೆಟ್ಟು. ಬೀಳದಂತೆ ಕಾದುದು ವೇಗ. 1968ರಲ್ಲಿ ಅದು ಕೆಳಗಿಳಿದು ಉರಿದುಹೋಯಿತು.

ಓದಿದ್ದು ಸಾಲದೆಂದು, ಒಂದು ಸಂಜೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೊಲ್ಲಾಪುರದ ಮೇಲೆ ಹಾಯುವ ಹೊತ್ತಿಗೆ ಆ ಗೆಳೆಯರನ್ನು ನಮ್ಮ ಮನೆಯ ತಾರಸಿಗೆ ಕರೆದೆವು. ಮುಂಬಯಿಯಲ್ಲಿರುವ ನಮ್ಮ ಭಾವನವರು ಫೋನು ಹಿಡಿದು ಅವರ ತಾರಸಿಯಲ್ಲಿ ನಿಂತರು. ಚುಕ್ಕಿ ನಮಗೆ ಪಶ್ಚಿಮಕ್ಕೆ, ಅವರಿಗೆ ಪೂರ್ವಕ್ಕೆ. ಇಬ್ಬರಿಗೂ ಒಂದೇ ಕ್ಷಣದಲ್ಲಿ, ದಿಗಂತಕ್ಕೂ ನೆತ್ತಿಗೂ ನಡುವೆ, ಅರ್ಧಕ್ಕಿಂತ ತುಸು ಮೇಲೆ ಕಂಡಿತು. ಎರಡು ಊರಿಗೂ ನೇರ ಅಂತರ 600 ಕಿಲೋಮೀಟರಿಗೆ ಕಡಿಮೆಯಿಲ್ಲ. ಹಾಗಾದರೆ ಅದರ ಎತ್ತರ ಆ ಅಂತರದ ಅರ್ಧಕ್ಕಿಂತ, ಎಂದರೆ 300 ಕಿಲೋಮೀಟರಿಗಿಂತ ಹೆಚ್ಚು. ಮೂವತ್ತು ಕಿಲೋಮೀಟರಿನ ಬೆಲೂನಾಗಿದ್ದರೆ ಇಬ್ಬರಿಗೂ ಮನೆಗಳ ಮರೆಗೆ ಹೋಗುತ್ತಿತ್ತು.

ಲೆಕ್ಕ ಮಾಡಿದವರು ಆ ಗೆಳೆಯರೇ. ಮುಗಿಸಿ, "ಮದಲೇ ಹಿಂಗ ತೋರಿಸಿದ್ರ ಆಗ್ತಿತ್ತಲ್ರಿ, ನಗೋದು ಯಾಕ?" ಎಂದರು. ನಾವು ಕ್ಷಮೆ ಬೇಡಿದೆವು.

ಸಂದೇಹ ತಪ್ಪಲ್ಲ, ಬಂಧುಗಳೇ. ಲೆಕ್ಕ ನೋಡದೆ ನಂಬುವವರೂ ಲೆಕ್ಕ ನೋಡದೆ ನಗುವವರೂ ಒಂದೇ ಸಾಲಿನವರು. ಆ ಸಾಲಿನಲ್ಲಿ ನಾವೂ ನಿಂತಿದ್ದೆವೆಂದು ಹೇಳಲೆಂದೇ ಇಲ್ಲಿಗೆ ಬಂದೆವು.