ಟೊಂಗೆ ಮೇಲೋ, ಕೆಳಗೋ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

 

ಇವತ್ತಿನ ಮಾತು ಫೋಟೋಗಳ ಬಗ್ಗೆ. ರೇಡಿಯೋದಲ್ಲಿ ಕೂತು ಫೋಟೋದ ವಿಷಯ ಹೇಳುತ್ತೀರಲ್ಲ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ನನ್ನ ಕೈಯಲ್ಲಿರುವ ಫೋಟೋ ನಿಮಗೆ ಕಾಣುವುದಿಲ್ಲ, ನಿಜ. ಆದರೆ ಅದರಲ್ಲಿರುವ ಜಾಗ ಅಹಮದಾಬಾದಿನವರಿಗೆಲ್ಲ ಗೊತ್ತು. ಲಾಲ್ ದರವಾಜಾದ ಹತ್ತಿರ ಇರುವ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಿ ಅದು. 1572-73ರಲ್ಲಿ, ಗುಜರಾತಿನ ಸುಲ್ತಾನರ ಆಳ್ವಿಕೆ ಮುಗಿಯುತ್ತಿದ್ದ ಹೊತ್ತಿನಲ್ಲಿ, ಅಬಿಸೀನಿಯ ಮೂಲದ ಸಿದಿ ಸೈಯದ್ ಕಟ್ಟಿಸಿದ ಮಸೀದಿ. ಅದರ ಪಶ್ಚಿಮದ ಗೋಡೆಯ ಕಮಾನಿನೊಳಗೆ ಒಂದು ಇಡೀ ಮರ, ಅದರ ಟೊಂಗೆಗಳು ಬಳ್ಳಿಯ ಹಾಗೆ ಒಂದನ್ನೊಂದು ದಾಟಿ ಸುತ್ತಿಕೊಂಡಿವೆ. ಎಲ್ಲವೂ ಕಲ್ಲಿನಲ್ಲಿ. ಇಲ್ಲಿನ ಐಐಎಂ ಸಂಸ್ಥೆಯ ಲಾಂಛನಕ್ಕೂ ಈ ಜಾಲಿಯೇ ಪ್ರೇರಣೆ.

ಧಾರವಾಡದಲ್ಲಿರುವ ನಮ್ಮವ್ವನಿಗೆ ಈ ಜಾಲಿ ಬೇಕಾಗಿತ್ತು. ಅವ್ವ ಜೀವಮಾನವೆಲ್ಲ ಕಸೂತಿ ಹಾಕಿದವಳು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ಹೊಲಿಗೆಗಳ ಹೆಸರು ಹೇಳುತ್ತಲೇ ನಮ್ಮನ್ನು ಬೆಳೆಸಿದವಳು. ಈಗ ಮೊಣಕಾಲು ನೋವು, ರೈಲು ಹತ್ತಿ ಇಷ್ಟು ದೂರ ಬರಲಾರಳು. ಒಂದು ದಿನ ಫೋನಿನಲ್ಲಿ ಹೇಳಿದಳು: "ಆ ಗಿಡದ ಫೋಟೋ ಛಲೋತ್ನಂಗ ತಗದು ಕಳಸವಾ. ಮೊಮ್ಮಗಳ ಸೀರಿ ಸೆರಗಿಗೆ ಹಾಕತೇನಿ. ಕಣ್ಣು ಇನ್ನ ಒಂದೆರಡು ವರ್ಷ ನಡೀತಾವ, ಅಷ್ಟರಾಗ ಮುಗಸಬೇಕು."

ನಮ್ಮ ಮನೆಗೆ ಆಗಷ್ಟೇ ಹೊಸ ಡಿಜಿಟಲ್ ಕ್ಯಾಮೆರಾ ಬಂದಿತ್ತು. ನಲವತ್ತೈದು ಮೆಗಾಪಿಕ್ಸೆಲ್! ಹಳೆಯದು ಹನ್ನೆರಡು. ಇನ್ನೇನು ಬೇಕು ಎಂದು ನಮ್ಮವರು ಒಂದು ಬೆಳಿಗ್ಗೆ ಹೋಗಿ ಒಳಗಿನಿಂದ ಜಾಲಿಯ ಫೋಟೋ ತೆಗೆದರು. ಬಹಳ ಚೆಂದ ಬಂತು. ಕಪ್ಪು ಮರ, ಹಿಂದೆ ಬೆಳ್ಳಗಿನ ಆಕಾಶ. ಮೊಬೈಲಿನಲ್ಲಿ ಕಳಿಸಿದೆವು. ಅವ್ವನ ಉತ್ತರ ಬಂತು: "ಚಂದ ಐತಿ. ಆದ್ರ ಟೊಂಗಿ ಯಾವುದರ ಮ್ಯಾಲೆ ಹೋಗೇತಿ, ಯಾವುದರ ಕೆಳಗ ಹೋಗೇತಿ ತಿಳೀವಲ್ದು. ನಾ ಯಾವ ಗೆರಿ ಕಡೀಲಿ?"

ಕೇಳುಗರೇ, ಕಸೂತಿ ಬಲ್ಲವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು. ಎರಡು ಗೆರೆ ಕೂಡುವಲ್ಲಿ ಒಂದು ಮುಂದುವರಿಯಬೇಕು, ಇನ್ನೊಂದು ನಿಲ್ಲಬೇಕು. ಅವ್ವನಿಗೆ ಬೇಕಾಗಿದ್ದುದು ಅಂದದ ಫೋಟೋ ಅಲ್ಲ, ಆ ಒಂದು ಸಂಗತಿ.

ನಮ್ಮವರು ಫೋಟೋವನ್ನು ಕಂಪ್ಯೂಟರಿಗೆ ಹಾಕಿ 'ಶಾರ್ಪ್' ಮಾಡುವ ಗುಂಡಿ ಒತ್ತಿದರು. ಅಂಚುಗಳೆಲ್ಲ ಚಾಕುವಿನಿಂದ ಕತ್ತರಿಸಿದಂತೆ ಎದ್ದು ಕಂಡವು. ಅವ್ವನ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ನಾನು ಆ ದಿನ ಕಲಿತ ಮೊದಲ ಪಾಠ ಇದು: ಚಿತ್ರ ಚುರುಕಾಗಿ ಕಾಣುವುದು ಬೇರೆ, ಚಿತ್ರದಲ್ಲಿ ವಿವರ ಇರುವುದು ಬೇರೆ. ಆ ಗುಂಡಿ ಅಂಚಿನ ಒಂದು ಬದಿಯನ್ನು ಇನ್ನಷ್ಟು ಕಪ್ಪು, ಇನ್ನೊಂದು ಬದಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ, ಅಷ್ಟೆ. ಕ್ಯಾಮೆರಾ ಹಿಡಿಯದೇ ಬಿಟ್ಟದ್ದನ್ನು ಅದು ತಂದುಕೊಡಲಾರದು.

ಆಗ ನೆನಪಾದವರು ವಡೋದರಾದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ನಮ್ಮ ಕಡೆಯ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ನಮ್ಮ ಧಾರವಾಡಕ್ಕೂ ಈ ಗುಜರಾತಿಗೂ ಆ ಒಂದು ಪದ ಸಮಾನ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಕಾಕಾ ನಕ್ಕರು. "ತಂಗಿ, ಮೆಗಾಪಿಕ್ಸೆಲ್ ನಾಕು ಪಟ್ಟು ಆದ್ರ ವಿವರ ಎರಡೇ ಪಟ್ಟು," ಎಂದರು.

ಲೆಕ್ಕ ಸರಳ. ಹನ್ನೆರಡು ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 4,000 ಚುಕ್ಕಿ, ಎತ್ತರಕ್ಕೆ 3,000. ನಲವತ್ತೈದರಲ್ಲಿ ಅಡ್ಡಕ್ಕೆ ಸುಮಾರು 8,200, ಎತ್ತರಕ್ಕೆ 5,500. ಅಂದರೆ ಒಂದು ಗೆರೆಯ ಉದ್ದಕ್ಕೆ ಚುಕ್ಕಿಗಳು ಎರಡು ಪಟ್ಟು ಮಾತ್ರ. ಆದರೂ ಅದು ಸಣ್ಣ ಮಾತಲ್ಲ. ಮೂರು ಮೀಟರ್ ಅಗಲದ ಗೋಡೆಯನ್ನು ಚೌಕಟ್ಟಿನ ತುಂಬ ಹಿಡಿದರೆ ಒಂದೊಂದು ಚುಕ್ಕಿಯ ಪಾಲಿಗೆ ಬರುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಕಲ್ಲು. ಉಳಿಯ ಗುರುತೂ ಕಾಣಬೇಕು.

ಹಾಗಾದರೆ ನಮಗೇಕೆ ಕಾಣಲಿಲ್ಲ? ಕಾಕಾ ಮೂರು ಕಾರಣ ಕೊಟ್ಟರು.

ಒಂದು, ಕೈ ನಡುಕ. ಚುಕ್ಕಿ ಸಣ್ಣದಾದಷ್ಟೂ ಅಲುಗಾಟ ದೊಡ್ಡದಾಗುತ್ತದೆ. ಹಳೆಯ ಕ್ಯಾಮೆರಾದಲ್ಲಿ ಗೊತ್ತೇ ಆಗದಿದ್ದ ನಡುಕ ಹೊಸದರಲ್ಲಿ ಮೂರು ನಾಲ್ಕು ಚುಕ್ಕಿಗಳನ್ನು ಕಲಸಿಬಿಡುತ್ತದೆ. ಟ್ರೈಪಾಡ್ ಇಡಬೇಕು, ಇಲ್ಲವೇ ಗೋಡೆಗೆ ಒರಗಿ ಉಸಿರು ಹಿಡಿದು, ಶಟರ್ ವೇಗ ಹೆಚ್ಚಿಸಿ ಒತ್ತಬೇಕು.

ಎರಡು, ಲೆನ್ಸಿನ ಕಿಂಡಿ. ನಮ್ಮವರು ಎಲ್ಲವೂ ಸ್ಪಷ್ಟವಾಗಿ ಬರಲಿ ಎಂದು ಕಿಂಡಿಯನ್ನು ತೀರಾ ಕಿರಿದು ಮಾಡಿ, ಎಫ್ 22ಕ್ಕೆ ಇಟ್ಟಿದ್ದರು. ಬೆಳಕು ಕಿರಿದಾದ ತೂತಿನಲ್ಲಿ ಹಾಯುವಾಗ ಹರಡಿಕೊಳ್ಳುತ್ತದೆ. ಎಫ್ 22ರಲ್ಲಿ ಸೂಜಿಮೊನೆಯಂಥ ಬೆಳಕೂ ಸುಮಾರು 30 ಮೈಕ್ರಾನ್ ಅಗಲದ ಮಚ್ಚೆಯಾಗಿ ಬೀಳುತ್ತದೆ. ನಮ್ಮ ಕ್ಯಾಮೆರಾದ ಒಂದು ಚುಕ್ಕಿಯ ಅಗಲ ನಾಲ್ಕೂವರೆ ಮೈಕ್ರಾನಿನಷ್ಟೂ ಇಲ್ಲ. ಅಂದರೆ ಒಂದು ಮಚ್ಚೆ ಆರೇಳು ಚುಕ್ಕಿಗಳ ಮೇಲೆ! ಎಫ್ 8ಕ್ಕೆ ತಂದರೆ ಮಚ್ಚೆ ಸುಮಾರು 11 ಮೈಕ್ರಾನಿಗೆ ಇಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆಳಕು. "ಒಳಗಿಂದ ಬೆಳಕಿನ ಎದುರಿಗೆ ತಗದ್ರ ಮರ ಬರೀ ನೆರಳು. ನೆರಳಿಗೆ ಮ್ಯಾಲೆ ಕೆಳಗ ಎಲ್ಲಿಂದ ಬರಬೇಕು? ಹೊರಗ ರಸ್ತೆ ಕಡೆ ನಿಂದರು. ಮಧ್ಯಾಹ್ನ ಸೂರ್ಯ ಆಗಷ್ಟ ವಾಲಿದಾಗ ಬಿಸಿಲು ಪಶ್ಚಿಮದ ಗೋಡಿ ಸವರಿಕೊಂಡು ಇಳೀತದ. ಆಗ ಮ್ಯಾಲಿನ ಟೊಂಗಿ ಕೆಳಗಿನದರ ಮ್ಯಾಲೆ ನೆರಳು ಹಾಕ್ತದ," ಎಂದರು ಕಾಕಾ. ಸೂರತ್‌ನ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಊರಿನ ವಜ್ರ ಪರೀಕ್ಷಿಸುವವರು ಕಣ್ಣಿಗೆ ಹಿಡಿಯುವ ಮಸೂರ ಹಿಗ್ಗಿಸುವುದು ಹತ್ತೇ ಪಟ್ಟು. ಒಳಗಿನ ದೋಷ ಕಾಣುವುದು ಅವರು ಕಲ್ಲನ್ನು ಬೆಳಕಿನಲ್ಲಿ ಮೆಲ್ಲಗೆ ತಿರುಗಿಸುವುದರಿಂದ.

ಇದೇ ಮೂರು ಮಾತು, ಕೈ ನಡುಕ, ಕಿಂಡಿ, ಬೆಳಕು, ನಮ್ಮದೇ ಊರಿನ ಇನ್ನೊಂದು ಕ್ಯಾಮೆರಾದ ಕಥೆಯಲ್ಲಿಯೂ ಬರುತ್ತವೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಎಷ್ಟೋ ಕನ್ನಡ ಕುಟುಂಬಗಳಿವೆ. ಆ ಭಾಗದ ಜೋಧಪುರ ಟೇಕರಾದಲ್ಲಿ ಇಸ್ರೋದ ಬಾಹ್ಯಾಕಾಶ ಅನ್ವಯಗಳ ಕೇಂದ್ರವಿದೆ. ಭಾರತದ ಉಪಗ್ರಹಗಳ ಕಣ್ಣು ತಯಾರಾಗುವುದು ಅಲ್ಲಿ. 1979ರ ಭಾಸ್ಕರ ಉಪಗ್ರಹದ ಕ್ಯಾಮೆರಾಗಳು ಬೇರ್ಪಡಿಸಿ ಕಾಣುತ್ತಿದ್ದುದು ಒಂದು ಕಿಲೋಮೀಟರಿನಷ್ಟು ದೊಡ್ಡ ತುಂಡನ್ನು. 2019ರ ಕಾರ್ಟೋಸ್ಯಾಟ್-3 ಕಂಡದ್ದು ಮೂವತ್ತು ಸೆಂಟಿಮೀಟರಿಗಿಂತಲೂ ಚಿಕ್ಕದನ್ನು. ಭಾಸ್ಕರ ಉಪಗ್ರಹವನ್ನು ಬೆಂಗಳೂರಿನಲ್ಲಿ ಕಟ್ಟಿದ ತಂಡದ ನಾಯಕರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಅವರು ಡಾಕ್ಟರೇಟ್ ಮಾಡಿದ್ದು ಇದೇ ಅಹಮದಾಬಾದಿನಲ್ಲಿ, ವಿಕ್ರಮ್ ಸಾರಾಭಾಯಿ ಅವರ ಬಳಿ.

ಆ ಕೇಂದ್ರದ ಇನ್ನೊಂದು ಕ್ಯಾಮೆರಾ 2019ರ ಜುಲೈ 22ರಂದು ಚಂದ್ರಯಾನ-2ರ ಜೊತೆ ಹೊರಟಿತು. ಹೆಸರು ಓಎಚ್‌ಆರ್‌ಸಿ. ನೂರು ಕಿಲೋಮೀಟರ್ ಎತ್ತರದಿಂದ ಚಂದ್ರನ ನೆಲದ ಇಪ್ಪತ್ತೈದು ಸೆಂಟಿಮೀಟರ್ ತುಂಡನ್ನು, ಎಂದರೆ ನಮ್ಮ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದನ್ನು, ಒಂದು ಚುಕ್ಕಿಯಾಗಿ ಹಿಡಿಯುವ ಕ್ಯಾಮೆರಾ.

ಅಲ್ಲಿ ಟ್ರೈಪಾಡ್ ಎಲ್ಲಿಂದ ತರಬೇಕು? ನೌಕೆ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಓಡುತ್ತಿರುತ್ತದೆ. ಇಪ್ಪತ್ತೈದು ಸೆಂಟಿಮೀಟರ್ ದಾಟಲು ಬೇಕಾಗುವುದು ಸೆಕೆಂಡಿನ ಆರು ಸಾವಿರದ ಒಂದು ಪಾಲು. ಅಷ್ಟರಲ್ಲಿ ಸಿಗುವ ಬೆಳಕು ಸಾಲದು. ಬೆಳಕಿಗಾಗಿ ಕಾದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಎಂಜಿನಿಯರುಗಳು ಒಂದು ಉಪಾಯ ಮಾಡುತ್ತಾರೆ. ಸಂವೇದಕದಲ್ಲಿ ಸಾಲುಸಾಲಾಗಿ ಚುಕ್ಕಿಗಳಿರುತ್ತವೆ. ನೆಲದ ಅದೇ ತುಂಡು ಒಂದು ಸಾಲಿನಿಂದ ಮುಂದಿನ ಸಾಲಿಗೆ ಸರಿದಂತೆ, ಹಿಂದಿನ ಸಾಲು ಕೂಡಿಸಿದ ಬೆಳಕನ್ನೂ ಮುಂದಿನ ಸಾಲಿಗೆ ದಾಟಿಸುತ್ತಾರೆ. ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುವಾಗ ಒಬ್ಬೊಬ್ಬರೂ ಒಂದೊಂದು ಬೊಗಸೆ ನೀರು ಸೇರಿಸಿದ ಹಾಗೆ. ಕೊನೆಗೆ ಕೊಡ ತುಂಬುತ್ತದೆ.

ಇಷ್ಟು ವಿವರ ಏಕೆ ಬೇಕಿತ್ತು? ಇಳಿಯುವ ನೌಕೆಯ ಕಾಲಿನಡಿ ಒಂದು ದೊಡ್ಡ ಬಂಡೆ ಬಂದರೂ ನೌಕೆ ಮಗುಚಬಹುದು. ಆ ಕ್ಯಾಮೆರಾ ಒಂದೇ ಜಾಗವನ್ನು ಎರಡು ಕೋನಗಳಿಂದ ಹಿಡಿಯುವಂತೆ ಯೋಜಿಸಿದ್ದು ಅದಕ್ಕೇ. ಎರಡನ್ನೂ ಹೋಲಿಸಿದರೆ ಉಬ್ಬು ಯಾವುದು, ತಗ್ಗು ಯಾವುದು ತಿಳಿಯುತ್ತದೆ. ದಕ್ಷಿಣ ಧ್ರುವದ ಕಡೆಯ ಓರೆ ಬಿಸಿಲಿನಲ್ಲಿ ಬಂಡೆಗಿಂತ ಬಂಡೆಯ ನೆರಳೇ ಉದ್ದವಾಗಿ ಬೀಳುತ್ತದೆ. ಅವ್ವನ ಪ್ರಶ್ನೆಯೇ ನೋಡಿ, ಮೇಲೋ ಕೆಳಗೋ?

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಅಪ್ಪಳಿಸಿತು. ಆ ರಾತ್ರಿ ಟಿವಿ ಮುಂದೆ ಎಚ್ಚರವಿದ್ದವರು ನಮ್ಮಲ್ಲಿ ಬಹಳ ಮಂದಿ. ತಪ್ಪಿದ್ದು ಕ್ಯಾಮೆರಾ ಅಲ್ಲ. ಎಂಜಿನ್ನಿನ ಒತ್ತಡ ಮತ್ತು ಅದನ್ನು ನಿಯಂತ್ರಿಸುವ ತಂತ್ರಾಂಶದ ಲೆಕ್ಕ. ಮೇಲೆ ಸುತ್ತುತ್ತಲೇ ಉಳಿದ ನೌಕೆಯ ಆ ಕಣ್ಣು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಅದು ಕಳಿಸಿದ ಚಿತ್ರಗಳನ್ನು ನೋಡಿಯೇ ಮುಂದಿನ ಸಲ ಇಳಿಯುವ ಜಾಗ ಗೊತ್ತುಮಾಡಿದರು. ಚಂದ್ರಯಾನ-3ರ ಇಳಿಯುವ ನೌಕೆಗೆ ಅಪಾಯ ಗುರುತಿಸುವ ಕ್ಯಾಮೆರಾ ಕೊಟ್ಟದ್ದೂ ಇದೇ ಅಹಮದಾಬಾದಿನ ಕೇಂದ್ರ. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಅದು ನೆಲ ಮುಟ್ಟಿದಾಗ, ಸುದ್ದಿ ಬೆಂಗಳೂರಿನಿಂದ ಬಂತು. ಅಂದು ಕನ್ನಡದ ನಾವು ಎರಡು ಊರಿನ ಪರವಾಗಿ ಚಪ್ಪಾಳೆ ತಟ್ಟಿದೆವು.

ಈಗ ನಮ್ಮ ಮನೆಯ ಕ್ಯಾಮೆರಾಕ್ಕೆ ಮರಳೋಣ. ಒಂದು ಭಾನುವಾರ ಮಧ್ಯಾಹ್ನ ಒಂದೂವರೆಗೆ ನಾನೇ ಹೋದೆ. ಜನರ ದಾರಿಗೆ ಅಡ್ಡವಾಗದಂತೆ ರಸ್ತೆ ಬದಿ ನಿಂತು, ಕಂಬಕ್ಕೆ ಭುಜ ಒರಗಿಸಿ, ಎಫ್ 8 ಇಟ್ಟು, ಒಂದು ಫೋಟೋ ತೆಗೆದೆ. ನಾಲ್ಕು ಹೆಜ್ಜೆ ಸರಿದು ಇನ್ನೊಂದು ತೆಗೆದೆ. ಸುಂದರ ಎನ್ನುವಂತಿರಲಿಲ್ಲ, ಕಲ್ಲು ಮಾಸಲು, ನೆರಳು ಒರಟು. ಈ ಸಲ ಮೊಬೈಲಿನಲ್ಲಿ ಬರೀ ಫೋಟೋ ಎಂದು ಕಳಿಸಲಿಲ್ಲ. ಹಾಗೆ ಕಳಿಸಿದರೆ ದಾರಿಯಲ್ಲೇ ಚಿತ್ರ ಕುಗ್ಗಿಹೋಗುತ್ತದೆ. ಪೂರ್ತಿ ಫೈಲನ್ನೇ ಧಾರವಾಡದಲ್ಲಿರುವ ತಮ್ಮನಿಗೆ ಕಳಿಸಿ, ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಅವ್ವನಿಗೆ ಕೊಡಲು ಹೇಳಿದೆ. ಒಂದು ಇಂಚಿಗೆ 300 ಚುಕ್ಕಿ ಎಂದರೂ ಇಪ್ಪತ್ತೇಳು ಇಂಚು ಅಗಲಕ್ಕೆ ಸ್ಪಷ್ಟವಾಗಿ ಬರುತ್ತದೆ.

ಎರಡು ದಿನ ಫೋನ್ ಬರಲಿಲ್ಲ. ಮೂರನೇ ದಿನ ಅವ್ವ ಮಾತಾಡಿದಳು. "ಈಗ ತಿಳೀತು ನೋಡವಾ. ಗೆರಿ ಹಾಕಿದ ಕಾಗದದ ಮ್ಯಾಲೆ ಬರಕೊಂಡೇನಿ. ಕಸೂತಿಯೊಳಗ ಬಳ್ಳಿ ಬಳಕೂದಿಲ್ಲ, ಮೂಲಿಮೂಲಿಗೆ ತಿರಗಬೇಕು. ತಿರಗಸತೇನಿ." ಆಮೇಲೆ ಸ್ವಲ್ಪ ತಡೆದು ಕೇಳಿದಳು: "ಅದನ್ನ ಕಡದಾಂವಗ ಕಣ್ಣು ಎಷ್ಟು ಛಲೋ ಇದ್ದಿರಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಈಗ ಸೆರಗಿನ ಮೇಲೆ ಬುಡದ ಕಡೆಯ ನಾಲ್ಕು ಬೆರಳಷ್ಟು ಮರ ಎದ್ದಿದೆ ಎಂದು ತಮ್ಮ ಹೇಳಿದ.

ನಿಮ್ಮ ಮನೆಗೂ ಹೊಸ ಕ್ಯಾಮೆರಾ ಬಂದಿದ್ದರೆ, ಗುಂಡಿ ಒತ್ತುವ ಮೊದಲು ಈ ಫೋಟೋದಲ್ಲಿ ಯಾರಿಗೆ ಏನು ಕಾಣಬೇಕು ಎಂದು ಒಮ್ಮೆ ಕೇಳಿಕೊಳ್ಳಿ. ಕೈ ಗಟ್ಟಿ ಮಾಡಿ, ಬೆಳಕಿಗೆ ಕಾಯಿರಿ. ಉಳಿದದ್ದನ್ನು ಮೆಗಾಪಿಕ್ಸೆಲ್ ನೋಡಿಕೊಳ್ಳುತ್ತದೆ.