ಧರ್ಮಸಭೆಯ ಬೋಧನೆಯೂ ನಮ್ಮ ಮನೆಯ ಮಕ್ಕಳೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಸಂತೋಷದ ವೇಳೆಯಲ್ಲಿ, ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಆಡುವ ಮಾತೊಂದನ್ನು ನಾವು ಎತ್ತಿಕೊಂಡಿರುವುದು ಕೆಲವರಿಗೆ ಅಚ್ಚರಿಯೆನಿಸೀತು. ಪುರುಷನು ಪುರುಷನಲ್ಲಿ, ಸ್ತ್ರೀಯು ಸ್ತ್ರೀಯಲ್ಲಿ ಅನುರಕ್ತರಾಗುವ ವಿಷಯವದು. ಯುವಜನರು ಪ್ರಶ್ನಿಸುತ್ತಿದ್ದಾರೆ, ತಾಯಂದಿರು ಒಳಗೊಳಗೇ ಅಳುತ್ತಿದ್ದಾರೆ. ಗುರುವಾದವನು ಸುಮ್ಮನಿರುವುದು ಸಲ್ಲದು.

ನಮ್ಮ ಸೀಮೆಗೆ ಈ ಬಗೆಯ ಸಂಗತಿಗಳು ಹೊಸವೇನೂ ಅಲ್ಲ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜೋಗಪ್ಪಗಳನ್ನು ಎಲ್ಲರೂ ಕಂಡಿದ್ದೇವೆ. ಅವರ ಸ್ಥಿತಿಯೂ ಸಲಿಂಗಾನುರಾಗವೂ ಒಂದೇ ಅಲ್ಲ, ಎರಡನ್ನೂ ಕಲಸಬಾರದು. ಆದರೂ ಅವರಿಂದ ಒಂದು ಪಾಠವುಂಟು. ಒಂದು ಕಾಲದಲ್ಲಿ ಮನೆಯಿಂದ ದೂರವಾಗಿ ಭಿಕ್ಷೆ ಬೇಡಿ ಬದುಕಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಮನೆಯು ತಳ್ಳಿದವರನ್ನು ನಾಡು ಗೌರವಿಸಿತು. ಆ ಗೌರವವು ಮೊದಲು ಮನೆಯಲ್ಲಿಯೇ ದೊರೆಯಬೇಕಿತ್ತಲ್ಲವೇ?

ಇನ್ನು ದೇಶದ ಕಾನೂನು. 1860ರ ದಂಡಸಂಹಿತೆಯ 377ನೆಯ ಕಲಮು ಇಂಥ ಸಂಬಂಧವನ್ನು ಅಪರಾಧವೆಂದಿತ್ತು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಖಾಸಗಿ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೆ 2023ರ ಅಕ್ಟೋಬರ್ 17ರಂದು ಅಂಥವರ ವಿವಾಹಕ್ಕೆ ಮಾನ್ಯತೆ ನೀಡಲು ಅದೇ ನ್ಯಾಯಾಲಯವು ನಿರಾಕರಿಸಿತು. ಅಪರಾಧವಲ್ಲದ್ದೆಲ್ಲ ಧರ್ಮಸಮ್ಮತವಲ್ಲ, ಪಾಪವೆನಿಸುವುದೆಲ್ಲ ಸೆರೆಮನೆಗೆ ಯೋಗ್ಯವೂ ಅಲ್ಲ. ಸಲಿಂಗಾನುರಾಗಿಗಳನ್ನು ಅಪರಾಧಿಗಳೆಂದು ಕಾಣಲಾಗದೆಂದು ಮುಂಬಯಿಯ ಅಂದಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್‌ರವರು 2013ರಲ್ಲಿಯೇ ಹೇಳಿದ್ದರು.

ಹಾಗಾದರೆ ಧರ್ಮಸಭೆಯ ಬೋಧನೆಯೇನು? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಪರಿಚ್ಛೇದಗಳನ್ನು ಓದಿರಿ. ಮನಸ್ಸಿನ ಒಲವು ಬೇರೆ, ಕ್ರಿಯೆ ಬೇರೆ. ಒಲವು ಮಾತ್ರವೇ ಪಾಪವಲ್ಲವೆಂದು 1986ರಲ್ಲಿಯೇ ರೋಮಾಪುರಿಯು ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ತಿಳಿಸಿತ್ತು. ದಾಂಪತ್ಯದ ಸಂಗಮವು ಸತಿಪತಿಯರ ಐಕ್ಯಕ್ಕೂ ಸಂತಾನಕ್ಕೂ ತೆರೆದಿರಬೇಕೆಂಬುದು ನಮ್ಮ ನಂಬುಗೆಯಾದುದರಿಂದ, ಸಲಿಂಗ ಕ್ರಿಯೆಯನ್ನು ಧರ್ಮಸಭೆಯು ಒಪ್ಪುವುದಿಲ್ಲ. ವಿವಾಹದ ಹೊರಗಿನ ಸ್ತ್ರೀಪುರುಷ ಸಂಬಂಧವನ್ನೂ ಅದು ಒಪ್ಪುವುದಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಅದೇ ಗ್ರಂಥವು ಇಂಥವರನ್ನು ಗೌರವದಿಂದಲೂ ಕರುಣೆಯಿಂದಲೂ ಸ್ವೀಕರಿಸಬೇಕೆಂದು, ಅನ್ಯಾಯದ ಭೇದಭಾವವು ಕೂಡದೆಂದು ವಿಧಿಸುತ್ತದೆ. ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಬಿಟ್ಟವನು ಅರ್ಧ ಕಥೋಲಿಕನು. 2023ರ ಡಿಸೆಂಬರ್ 18ರ ಘೋಷಣೆಯಲ್ಲಿ ಪೋಪ್ ಫ್ರಾನ್ಸಿಸ್‌ರವರ ಸಮ್ಮತಿಯಿಂದ, ಬೇಡಿ ಬಂದ ಇಂಥ ಜೋಡಿಗಳನ್ನು ಗುರುಗಳು ಸರಳವಾಗಿ ಆಶೀರ್ವದಿಸಬಹುದೆಂದು ತಿಳಿಸಲಾಯಿತು. ಅದು ವಿವಾಹವನ್ನು ಹೋಲಬಾರದೆಂದೂ, ವಿವಾಹದ ಬೋಧನೆಯು ಬದಲಾಗಿಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ನಿವೇದಿಸಬೇಕಾಗಿದೆ. ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ, ತಾಯಿಯೊಬ್ಬರು ಮಗನ ಇಂಥ ಒಲವನ್ನು ಹೇಳಿಕೊಂಡು ಅತ್ತರು. "ಬೇಗ ಲಗ್ನ ಮಾಡಿರಿ, ಸರಿಹೋಗುತ್ತಾನೆ" ಎಂದೆವು. ಲಗ್ನವಾಯಿತು. ವರ್ಷ ತುಂಬುವುದರೊಳಗೆ ಆ ಸೊಸೆ ತವರಿಗೆ ಮರಳಿದಳು. ಮಗನು ಊರನ್ನೇ ಬಿಟ್ಟನು. ಆ ಹೆಣ್ಣುಮಗಳು ನಮ್ಮೆದುರು ಬಂದು, "ನಾನೇನು ತಪ್ಪು ಮಾಡಿದ್ದೆ, ಸ್ವಾಮಿ?" ಎಂದು ಕೇಳಿದಾಗ, ಸೆಮಿನರಿಯಲ್ಲಿ ಓದಿದ ಶಾಸ್ತ್ರವೆಲ್ಲ ಬತ್ತಿಹೋಯಿತು. ವಿವಾಹವು ಸಂಸ್ಕಾರ, ಔಷಧವಲ್ಲ. ಮುಕ್ತ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆಂದು 1983ರ ಧರ್ಮಸಭಾ ಕಾನೂನಿನ 1057ನೆಯ ವಿಧಿಯು ಹೇಳುತ್ತದೆ. ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಗುಣವನ್ನು ಮುಚ್ಚಿಟ್ಟು, ವಂಚನೆಯಿಂದ ಸಮ್ಮತಿ ಪಡೆದರೆ ಅಂಥ ವಿವಾಹವು ಅಸಿಂಧುವೆಂದು 1098ನೆಯ ವಿಧಿಯು ಹೇಳುತ್ತದೆ. ಆದುದರಿಂದ ತಂದೆತಾಯಿಗಳೇ, ಮರ್ಯಾದೆಗಂಜಿ ಮತ್ತೊಬ್ಬರ ಮಗಳನ್ನು ಬಲಿಗೊಡಬೇಡಿರಿ.

"ಹಾಗಾದರೆ ನಾನು ಜೀವಮಾನವಿಡೀ ಒಂಟಿಯಾಗಿರಬೇಕೇ?" ಎಂದು ಯುವಕನೊಬ್ಬನು ಕೇಳಿದರೆ ಸುಲಭದ ಉತ್ತರವಿಲ್ಲ. ಧರ್ಮಸಭೆಯು ಅವನನ್ನು ಶುದ್ಧಶೀಲಕ್ಕೆ ಕರೆಯುತ್ತದೆ. ನಾವೂ ಅವಿವಾಹಿತರೇ, ಆದರೆ ಆ ಬಾಳನ್ನು ನಾವೇ ಆರಿಸಿಕೊಂಡೆವು. ಆರಿಸಿಕೊಳ್ಳದವನ ಹೊರೆ ಹೆಚ್ಚು ಭಾರ. ಆ ಹೊರೆಗೆ ಹೆಗಲು ಕೊಡದೆ ಬರಿದೇ ಬೋಧಿಸುವವರನ್ನು ಪ್ರಭುವು ಗದರಿಸಿದ್ದನ್ನು ಶುಭಸಂದೇಶದಲ್ಲಿ ಓದಿದ್ದೇವೆ. ಅವನಿಗೆ ಸ್ನೇಹಿತರಿರಲಿ, ಹಬ್ಬದ ಊಟಕ್ಕೆ ಕರೆಯುವ ಮನೆಗಳಿರಲಿ, ಕಾಯಿಲೆ ಬಿದ್ದರೆ ನೋಡುವವರಿರಲಿ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ನಪುಂಸಕ ಅಧಿಕಾರಿಯು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಹಳೆಯ ನಿಯಮವು ಅಂಥವನನ್ನು ದೇವರ ಸಭೆಯಿಂದ ಹೊರಗಿಟ್ಟಿತ್ತು. ಫಿಲಿಪ್ಪನು ರಥವನ್ನೇರಿ, ಪಕ್ಕದಲ್ಲಿ ಕುಳಿತು, ಮೊದಲು ಗ್ರಂಥವನ್ನು ವಿವರಿಸಿದನು, ಬಳಿಕ ಸ್ನಾನದೀಕ್ಷೆಯನ್ನಿತ್ತನು. ಬೋಧನೆಯನ್ನು ಬಿಡಲಿಲ್ಲ, ಮನುಷ್ಯನನ್ನೂ ಬಿಡಲಿಲ್ಲ.

ನೂರು ವರ್ಷ ತೆರೆದಿದ್ದ ಈ ದೇವಾಲಯದ ಬಾಗಿಲು ನಿಮ್ಮ ಯಾವ ಮಗುವಿಗೂ ಮುಚ್ಚದಿರಲಿ. ನಿಮ್ಮ ಮನೆಯ ಬಾಗಿಲೂ ಮುಚ್ಚದಿರಲಿ. ಪವಿತ್ರ ಕುಟುಂಬವು ನಮ್ಮೆಲ್ಲರ ಕುಟುಂಬಗಳನ್ನು ಕಾಪಾಡಲಿ. ಆಮೆನ್.